ತಣ್ಣನ ಗುಳಿಗೆ

ನಮ್ಮ ಊರಿನಲ್ಲಿ ಒಬ್ಬರ ಎದೆ ಬಡಿಯುವುದು ಇನ್ನೊಬ್ಬರಿಗೆ ಕೇಳುತ್ತದೆ. ಒಂದು ಕೋಣೆಯಲ್ಲಿ ನಾಲ್ಕು ಜನ ಕೂತರೆ ನಾಲ್ಕು ಬಡಿತ. ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಖಾನಾವಳಿಯಲ್ಲಿ ಜನ ಸಾಲಾಗಿ ಕೂತಾಗ, ಹೊರ ಊರಿನಿಂದ ಬಂದವರಿಗೆ ಒಳಗೆ ಯಾರೋ ಜೋಳ ಕುಟ್ಟುತ್ತಿದ್ದಾರೆ ಅನ್ನಿಸುತ್ತದಂತೆ. ನಮಗೆ ಅದು ಕಿವಿಗೇ ಬೀಳುವುದಿಲ್ಲ. ಯಾರದಾದರೂ ಬಡಿತ ಜೋರಾದರೆ ಮಾತ್ರ ಕೈಯ ತುತ್ತು ಕೈಯಲ್ಲೇ ಉಳಿದು ಎಲ್ಲರ ತಲೆ ಅತ್ತ ತಿರುಗುತ್ತದೆ.

ಹಾಗಾಗಿ ನಮ್ಮಲ್ಲಿ ಕಳವಿಗಾಗಲಿ ಸಂಶಯಕ್ಕಾಗಲಿ ಬೇರೆ ಸಾಕ್ಷಿ ಕೇಳುವ ಪದ್ಧತಿಯಿಲ್ಲ. ಗುಡ್ಡದ ಮೇಲಿನ ಚಾವಡಿಯಲ್ಲಿ ಒಂದು ಕಲ್ಲಿದೆ. ಮಾತು ಬಂದವರನ್ನು ಅದರ ಮೇಲೆ ಕೂಡಿಸಿ ಹಿರಿಯರು ಮೂರು ಸಲ ಕೇಳುತ್ತಾರೆ. ಎದೆ ನೆಟ್ಟಗೆ ನಡೆದರೆ ಸತ್ಯ, ಓಡಿದರೆ ಸುಳ್ಳು. ಕರೆದ ಮೇಲೂ ಹೋಗದವರ ಜೊತೆ ಊರು ಬೆಂಕಿ-ನೀರಿನ ಬಳಕೆಯನ್ನೇ ಬಿಡುತ್ತದೆ. ಹಾಗೆಂದು ಜನ ಸುಮ್ಮನೆ ಕೂತಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಹನುಮಣ್ಣ ಎಂಬ ಕಂಪೌಂಡರ್ ಇದ್ದಾನೆ. ಅವನ ಹತ್ತಿರ ಎದೆಯ ಓಟ ತಗ್ಗಿಸುವ ಗುಳಿಗೆ ಸಿಗುತ್ತದೆ. ತಣ್ಣನ ಗುಳಿಗೆ ಅನ್ನುತ್ತಾರೆ. ಹೆಣ್ಣು ನೋಡಲು ಹೋಗುವ ಗಂಡೂ ನುಂಗುತ್ತಾನೆ, ದನದ ದಲ್ಲಾಳಿಯೂ ನುಂಗುತ್ತಾನೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ನನ್ನ ಗಂಡ ತೀರಿಕೊಂಡ ಮೇಲೆ ಖಾನಾವಳಿ ಶುರು ಮಾಡಿದವಳು ನಾನು. ನನ್ನ ಹೆಸರು ಫಕೀರವ್ವ. ಒಬ್ಬನೇ ಮಗ ಶಿವಪುತ್ರ, ಲಾರಿ ಓಡಿಸುತ್ತಾನೆ. ಅವನ ಹೆಂಡತಿ ದಾನಮ್ಮ ಮನೆಗೆ ಬಂದ ಮೇಲೆ ಖಾನಾವಳಿಗೆ ಕಳೆ ಬಂತು. ನಾನು ಬಡಿಸಿದರೆ ಜನ ಉಣ್ಣುತ್ತಿದ್ದರು, ಅಷ್ಟೇ. ಅವಳು ಬಡಿಸಿದರೆ ನಗುತ್ತಿದ್ದರು. "ಇನ್ನೊಂದು ರೊಟ್ಟಿ ಹಾಕಸ್ಕೋರಿ, ನಿಮ್ಮ ಎದಿ ಹಸದ ಎತ್ತಿನಂಗ ನಡ್ಯಾಕತ್ತೈತಿ" ಎಂದು ಮುದುಕರನ್ನು ಕಾಡುತ್ತಿದ್ದಳು. ಅವಳದೇ ಎದೆ ಎಷ್ಟು ಹಗುರವಾಗಿ ಬಡಿಯುತ್ತಿತ್ತೆಂದರೆ, ಒಲೆಯ ಮುಂದೆ ಪಕ್ಕದಲ್ಲೇ ಕೂತರೂ ನಾನು ಮರೆತುಬಿಡುತ್ತಿದ್ದೆ.

ಆ ವರ್ಷ ಸುಗ್ಗಿ ಮುಗಿದ ಮೇಲೆ ಅದು ಶುರುವಾಯಿತು. ದಾನಮ್ಮ ಪರಾತದ ಮೇಲೆ ಬಗ್ಗಿ ಹಿಟ್ಟು ನಾದುತ್ತಿದ್ದಳು. ಒಮ್ಮೆಲೇ ಅವಳ ಎದೆ ಕುದುರೆ ಓಡಿದ ಹಾಗೆ ಓಡತೊಡಗಿತು. ನಾನು ಹಂಚಿನ ಮೇಲಿನ ರೊಟ್ಟಿ ಬಿಟ್ಟು ತಿರುಗಿದೆ. ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ಹಣೆಯಿಂದ ಬೆವರು ಹಿಟ್ಟಿಗೆ ತೊಟ್ಟಿಕ್ಕುತ್ತಿತ್ತು. ಹಿಟ್ಟು ಮೆತ್ತಿದ ಬೆರಳು ನಡುಗುತ್ತಿದ್ದವು.

"ಏನಾತವ್ವ? ಯಾರ ಏನಂದ್ರು?"

"ಯಾರೂ ಏನೂ ಅಂದಿಲ್ರಿ ಅತ್ತಿ. ತಲಿ ಸಿಡ್ಯಾಕತ್ತೈತಿ. ಏನೋ ಹೆದರಿಕಿ ಆಗಾಕತ್ತೈತಿ. ಯಾತರದಂತ ನನಗೂ ತಿಳೀವಲ್ದು."

ಸ್ವಲ್ಪ ಹೊತ್ತಿಗೆ ಎಲ್ಲ ತಾನಾಗಿ ಇಳಿಯಿತು. ಬಸುರಿಯಿರಬಹುದು ಎಂದು ನಾನು ಒಳಗೊಳಗೇ ಹಿಗ್ಗಿದೆ. ಅಲ್ಲ ಎಂದು ಆ ತಿಂಗಳೇ ತಿಳಿಯಿತು. ಆದರೆ ಓಟ ನಿಲ್ಲಲಿಲ್ಲ. ನೀರಿನ ಕೊಡ ಎತ್ತುವಾಗ, ಒಲೆ ಊದಲು ಬಗ್ಗಿದಾಗ, ಒಮ್ಮೊಮ್ಮೆ ಸುಮ್ಮನೆ ಕೂತಾಗಲೂ ಬರುತ್ತಿತ್ತು. ಅಡುಗೆಮನೆಯಲ್ಲಿ ಬಂದರೆ ನನಗಷ್ಟೇ ಕೇಳುತ್ತಿತ್ತು. ಊಟದ ಪಡಸಾಲೆಯಲ್ಲಿ, ತಟ್ಟೆಗೆ ಬಗ್ಗಿ ಬಡಿಸುವಾಗ ಬಂದರೆ ಊರಿಗೇ ಕೇಳುತ್ತಿತ್ತು.

ಎರಡು ಸಲ ಹಾಗೆ ಬಂದಾಗ ಅವಳು ಬಡಿಸುತ್ತಿದ್ದದ್ದು ಸಂಗನಬಸು ಮಾಸ್ತರರ ತಟ್ಟೆಗೆ. ಅವರು ಗಂಡುಮಕ್ಕಳ ಶಾಲೆಯ ಮಾಸ್ತರರು. ಹೆಂಡತಿ ಕಸ್ತೂರಿ ಬಾಣಂತನಕ್ಕೆ ತವರಿಗೆ ಹೋಗಿದ್ದರಿಂದ ಎರಡೂ ಹೊತ್ತು ನಮ್ಮಲ್ಲೇ ಊಟ. ತಲೆಯೆತ್ತಿ ಯಾರನ್ನೂ ನೋಡದ ಮನುಷ್ಯ. ಎರಡನೆಯ ಸಲ ಅಂತೂ, ಅವಳ ಎದೆ ಓಡಿದ್ದು ಕೇಳಿ ಅವರ ಎದೆಯೂ ಗಾಬರಿಯಿಂದ ಓಡಿತು. ಅಷ್ಟು ಸಾಕಾಯಿತು. ಎರಡು ಎದೆ ಜೋಡಿಯಾಗಿ ಓಡಿದ್ದನ್ನು ಪಡಸಾಲೆ ತುಂಬ ಜನ ಕೇಳಿದ್ದರು.

ಅಂದಿನಿಂದ ದಾನಮ್ಮ ಪಡಸಾಲೆಗೆ ಬರುವುದನ್ನು ಬಿಟ್ಟಳು. ಬಡಿಸಲು ನಾನೇ ಹೋಗತೊಡಗಿದೆ. ಜನ ಮೊದಲಿನಂತೆ ಬರುತ್ತಿದ್ದರು, ಆದರೆ ಉಣ್ಣುವಾಗ ಅಡುಗೆಮನೆಯ ಬಾಗಿಲಿಗೆ ಕಿವಿ ಕೊಟ್ಟೇ ಉಣ್ಣುತ್ತಿದ್ದರು. ಒಳಗಿನಿಂದ ಅವಳ ನಗುವಂತೂ ಕೇಳುತ್ತಿರಲಿಲ್ಲ.

ಶಿವಪುತ್ರ ಲಾರಿಯಿಂದಿಳಿದು ಮನೆಗೆ ಬಂದವನೇ ನನ್ನನ್ನು ಹಿತ್ತಲಿಗೆ ಕರೆದ.

"ಅವ್ವಾ, ನಾ ಬಸ್ ಸ್ಟ್ಯಾಂಡಿನ್ಯಾಗ ಇಳದ್ರ ಸಾಕು, ಮಂದಿ ಮಾತು ನಿಲ್ಲಸ್ತಾರ. ನನ್ನ ಎದಿ ಹೆಂಗ ಬಡಕೋತೈತಿ ಅಂತ ಕೇಳ್ತಾರ. ನೀ ದಿನಾ ಅಕಿ ಸಂಗಾಟನ ಇರಾಕಿ. ಖರೇ ಹೇಳು."

"ಖರೇನ ಹೇಳ್ತೀನಿ. ನಸುಕಿನ್ಯಾಗ ಒಲಿ ಮುಂದ ನಾನು ಅಕಿ ಇಬ್ಬರ ಇದ್ದಾಗೂ ಓಡತೈತಿ. ಹಂಗಾದ್ರ ನನ್ನ ಮ್ಯಾಲ ಮನಸ ಇಟ್ಟಾಳೇನು? ಅದು ಬ್ಯಾನಿ, ಶಿವಪುತ್ರ."

ಅವನು ಬಹಳ ಹೊತ್ತು ಹಿತ್ತಲಿನ ಕಟ್ಟೆಯ ಮೇಲೆ ಕೂತ. ಆಮೇಲೆ ಒಳಗೆ ಹೋಗಿ ಅವಳ ಪಕ್ಕದಲ್ಲಿ ಕೂತು ರೊಟ್ಟಿ ಬಡಿಯುವುದನ್ನೇ ನೋಡಿದ. ಅವನು ನಂಬಿದ ಎಂದು ನನಗೆ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಊರಿನ ವೈದ್ಯರಿಗೆ ತೋರಿಸಿದರೆ ಸುದ್ದಿ ಇನ್ನಷ್ಟು ಬೆಳೆಯುತ್ತಿತ್ತು. ಅದಕ್ಕೆ ನಾನು ಅವಳನ್ನು ಹೊಳೆಯಾಚೆಯ ಊರಿಗೆ ಕರೆದುಕೊಂಡು ಹೋದೆ. ಹೊಳೆ ದಾಟಿದರೆ ಯಾರ ಎದೆಯೂ ಕೇಳುವುದಿಲ್ಲ. ಬಸ್ಸು ಸೇತುವೆಗೆ ಬಂದ ಕೂಡಲೇ ಎಲ್ಲರ ಬಡಿತ ನಿಂತಿತು. ದಾನಮ್ಮ ಅದೇ ಮೊದಲ ಸಲ ಹೊಳೆ ದಾಟಿದ್ದು. ಕಿಟಕಿಯ ಸರಳು ಹಿಡಿದು ಸುತ್ತ ನೋಡಿದಳು. ಆಮೇಲೆ ಸೆರಗು ಬಾಯಿಗಿಟ್ಟು ಅತ್ತಳು.

"ಯಾಕ, ಬ್ಯಾನಿ ಬಂತೇನು?"

"ಹೂಂನ್ರಿ, ಬಂದೈತಿ. ಆದ್ರ ಯಾರೂ ಹೊಳ್ಳಿ ನೋಡವಲ್ರು ನೋಡ್ರಿ ಅತ್ತಿ. ಇಲ್ಲೇ ಇದ್ದಬಿಡೂಣೇನು?"

ಖಾನಾವಳಿ ಬಿಟ್ಟು ಎಲ್ಲಿಗೆ ಹೋಗುವುದು ಎಂದು ನಾನು ಗದರಿದೆ. ಆದರೆ ಆ ಮಾತು ನನ್ನೊಳಗೆ ಉಳಿಯಿತು.

ಅಲ್ಲಿನ ಆಸ್ಪತ್ರೆಯ ಡಾಕ್ಟರು ಒಬ್ಬ ಹೆಣ್ಣುಮಗಳು. ದಾನಮ್ಮನ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು, ಏನೂ ಇಲ್ಲ ಎಂದರು. ಬಗ್ಗಿದರೆ ಬರುತ್ತದೆ ಎಂದು ನಾನು ಹೇಳಿದೆ. ಬಗ್ಗಿ ನೆಲ ಮುಟ್ಟು ಎಂದರು. ಅವಳು ಬಗ್ಗಿ ಎದ್ದದ್ದೇ ಬಿಳಚಿಕೊಂಡಳು. ಡಾಕ್ಟರು ಪಟ್ಟಿ ಮತ್ತೆ ಸುತ್ತಿದರು. ಯಂತ್ರದ ಮುಳ್ಳು ನೋಡಿ ಅವರ ಮುಖವೇ ಬದಲಾಯಿತು. ಅವಳನ್ನು ಅಲ್ಲೇ ಮಲಗಿಸಿ, ಒತ್ತಡ ಇಳಿಯುವವರೆಗೂ ಕೈ ಬಿಡಲಿಲ್ಲ. ಆಮೇಲೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿ ಇಟ್ಟ ಹಾಗೆ ಒಂದು ಸಣ್ಣ ಗ್ರಂಥಿ ಇರುತ್ತದಮ್ಮ. ನಾಯಿ ಅಟ್ಟಿಸಿಕೊಂಡು ಬಂತು ಅನ್ನಿ, ಆಗ ಅದು ರಕ್ತಕ್ಕೆ ಒಂದು ರಸ ಬಿಡುತ್ತದೆ. ಹಾರ್ಮೋನು ಅಂತೀವಿ. ಅದು ಬಂದ ಕೂಡಲೇ ಎದೆ ಓಡುತ್ತದೆ, ರಕ್ತನಾಳ ಬಿಗಿಯುತ್ತದೆ. ಮನುಷ್ಯ ಓಡಿ ಜೀವ ಉಳಿಸಿಕೊಳ್ಳಲಿ ಅಂತ. ಇವಳಿಗೆ ಅಲ್ಲಿ ಒಂದು ಗಂಟು ಬೆಳೆದಿದೆ. ಬಗ್ಗಿದರೆ ಗಂಟು ಒತ್ತಿಕೊಂಡು ರಸ ಉಕ್ಕುತ್ತದೆ. ನಾಯಿಯೂ ಇಲ್ಲ, ಕಳ್ಳನೂ ಇಲ್ಲ. ಸುಮ್ಮಸುಮ್ಮನೆ ಭಯದ ರಸ."

"ಹಂಗಾದ್ರ ನಾ ಏನೂ ತಪ್ಪ ಮಾಡಿಲ್ಲಲ್ರಿ?" ಎಂದಳು ದಾನಮ್ಮ.

ಡಾಕ್ಟರಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. "ಇದರಲ್ಲಿ ತಪ್ಪು ಎಲ್ಲಿಂದ ಬಂತು? ಗಂಟು ತೆಗೆದರೆ ನೀನು ಎಲ್ಲರ ಹಾಗೇ ಇರುತ್ತೀ" ಎಂದರು. ಒಂದು ದಿನ ಪೂರ್ತಿ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದು ತರಬೇಕು, ಅದನ್ನು ದೊಡ್ಡ ಊರಿಗೆ ಕಳಿಸಿ ಖಚಿತ ಮಾಡಿಕೊಳ್ಳಬೇಕು, ಆಮೇಲೆ ಬಿಗಿದ ನಾಳಗಳನ್ನು ಸಡಿಲಿಸುವ ಮಾತ್ರೆ ಎರಡು ಮೂರು ವಾರ ಕೊಟ್ಟು, ಆ ನಂತರವೇ ಆಪರೇಷನ್ ಎಂದರು. ಏಳುವಾಗ ಬೆರಳೆತ್ತಿ ಹೇಳಿದರು: "ಅಲ್ಲಿಯ ತನಕ ಎದೆ ಓಡುತ್ತದೆ ಅಂತ ಬೇರೆ ಯಾವ ಮಾತ್ರೆಯನ್ನೂ ನುಂಗಬೇಡ. ಮೊದಲು ನಾಳ ಸಡಿಲಾಗಬೇಕು. ಎದೆಯನ್ನು ಮೊದಲು ಹಿಡಿದರೆ ಜೀವಕ್ಕೇ ಅಪಾಯ." ನಾವಿಬ್ಬರೂ ತಲೆಯಾಡಿಸಿದೆವು.

ಆ ಕ್ಯಾನನ್ನು ಚೀಲದಲ್ಲಿ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದಾಗ, ಸೇತುವೆ ದಾಟಿದ ಮೇಲೆ, ಪಕ್ಕದವನು ಎಣ್ಣೆಯೇನು ಎಂದು ಕೇಳಿದ. "ಹೂಂನಪಾ, ಕುಸುಬಿ ಎಣ್ಣಿ" ಎಂದೆ. ದಾನಮ್ಮ ಕಿಟಕಿಯ ಕಡೆ ತಿರುಗಿ ನಕ್ಕಳು. ಎಷ್ಟೋ ದಿನದ ಮೇಲೆ ಅವಳು ನಕ್ಕದ್ದು. ಗುರುವಾರ ಬನ್ನಿ, ಫಲಿತಾಂಶ ಬಂದಿರುತ್ತದೆ, ಮಾತ್ರೆ ಶುರು ಮಾಡೋಣ ಎಂದರು ಡಾಕ್ಟರು.

ನಾವು ಮನೆಗೆ ಬಂದಾಗ ಚಾವಡಿಯ ಆಳು ಬಾಗಿಲಲ್ಲಿ ಕೂತಿದ್ದ. ಮಾಸ್ತರರ ಹೆಂಡತಿ ಕಸ್ತೂರಿ ಕೂಸಿನೊಂದಿಗೆ ತವರಿನಿಂದ ಬಂದಿದ್ದಳು. ಬಂದವಳ ಕಿವಿಗೆ ಊರು ಸುದ್ದಿ ಹಾಕಿತ್ತು. ಮಾಸ್ತರರನ್ನು ಕಲ್ಲಿನ ಮೇಲೆ ಕೂಡಿಸಿ ಕೇಳಿದ್ದರು. ಅಂಜುಬುರುಕ ಮನುಷ್ಯ, ಎದೆ ಓಡಿತ್ತು. ಈಗ ದಾನಮ್ಮನ ಸರದಿ. ಬುಧವಾರ ಬರಬೇಕು ಎಂದ ಆಳು.

ನಾನು ಗುಡ್ಡ ಹತ್ತಿ ಹಿರಿಯ ಮುದಕಪ್ಪನ ಮುಂದೆ ನಿಂತೆ. ಒಂದು ತಿಂಗಳು ತಡೆಯಿರಿ, ಬೇನೆ ವಾಸಿಯಾಗಲಿ, ಆಮೇಲೆ ಬೇಕಾದಷ್ಟು ಸಲ ಕೇಳಿ ಎಂದೆ. ಗ್ರಂಥಿ, ಗಂಟು, ರಸ ಎಲ್ಲ ಹೇಳಿದೆ. ಅವನು ಕೆಟ್ಟ ಮನುಷ್ಯನಲ್ಲ. ಸಮಾಧಾನದಿಂದಲೇ ಕೇಳಿಸಿಕೊಂಡ.

"ಫಕೀರವ್ವ, ನೀ ಹೇಳೂದು ಹೊಳಿ ಆಚಿ ಮಾತು. ಎದಿ ಮ್ಯಾಲ ಇನ್ನೊಬ್ಬ ಯಜಮಾನ ಅದಾನಂದ್ರ ನಾವು ಇಷ್ಟ ವರ್ಷ ಕೇಳಿದ್ದೆಲ್ಲ ಏನಾತು? ಅವಧಿ ಕೇಳೂ ಎದಿ, ಸುಳ್ಳು ಕಲಿಯಾಕ ಅವಧಿ ಕೇಳತೈತಿ ಅಂತಾರ ಮಂದಿ. ಬುಧವಾರ ಕರಕೊಂಡ ಬಾ."

ಮನೆಗೆ ಬಂದು, ನಾಳೆಯೇ ಹೊಳೆ ದಾಟೋಣ, ಬೆಂಕಿ-ನೀರು ಬಿಟ್ಟರೆ ಬಿಡಲಿ, ಅಲ್ಲೇ ಒಲೆ ಹೂಡೋಣ ಎಂದೆ. ಅಷ್ಟು ಹೊತ್ತಿಗೆ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಒಲ್ಲೆ ಎಂದವಳು ದಾನಮ್ಮ.

"ಓಡಿ ಹೋದ್ರ ಹೌದಂದಂಗ ಆತಲ್ರಿ ಅತ್ತಿ. ಆ ಕಸ್ತೂರಿ ಹಸಿ ಬಾಣಂತಿ, ಗಂಡನ ಮಾರಿ ನೋಡವಲ್ಳಂತ. ಮಾಸ್ತರರು ಊಟ ಬಿಟ್ಟಾರಂತ. ನಾ ಹೋಗಿ ಕೂಡ್ತೀನಿ. ಗುರುವಾರ ದವಾಖಾನಿಗೆ ಹೋಗೂಣು."

"ಅಲ್ಲಿ ಬ್ಯಾನಿ ಬಂದ್ರ?"

"ನೆಟ್ಟಗ ಕೂತರ ಬರೂದಿಲ್ರಿ. ಬಗ್ಗಿದ್ರ ಅಷ್ಟ ಬರೂದಲ್ಲ?"

ಅವಳು ಹೇಳಿದ್ದು ಪೂರ್ತಿ ನಿಜವಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಶಿವಪುತ್ರ ಗೋಡೆಗೆ ಒರಗಿ ಇಬ್ಬರ ಮಾತೂ ಕೇಳುತ್ತಿದ್ದ.

ಬುಧವಾರ ಬೆಳಿಗ್ಗೆ ಗುಡ್ಡದ ಮೇಲೆ ಕಾಲಿಡಲು ಜಾಗವಿರಲಿಲ್ಲ. ದಾನಮ್ಮ ಮದುವೆಯ ಇಳಕಲ್ಲ ಸೀರೆ ಉಟ್ಟಿದ್ದಳು. ನಿಧಾನವಾಗಿ ಹತ್ತಿದಳು. ಕಲ್ಲಿನ ಮೇಲೆ ನೆಟ್ಟಗೆ ಕೂತು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡಳು. ಎದುರಿಗೆ ಕಸ್ತೂರಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಮುದಕಪ್ಪ ಕೈಯೆತ್ತಿದ. ಜನ ಕಿವಿಗೊಟ್ಟರು.

"ಸಂಗನಬಸು ಮಾಸ್ತರನ ಮ್ಯಾಲ ನಿನಗ ಮನಸ ಐತೇನು?"

"ಇಲ್ರಿ."

ಅವಳ ಎದೆ ನಡೆಯುತ್ತಿತ್ತು. ಓಡಲಿಲ್ಲ. ನೊಗ ಇಳಿಸಿದ ಎತ್ತು ಮನೆಗೆ ಬರುವ ಹಾಗೆ ಒಂದೊಂದೇ ಹೆಜ್ಜೆ. ಎರಡನೆಯ ಸಲ ಕೇಳಿದ, ಹಾಗೇ ನಡೆಯಿತು. ಮೂರನೆಯ ಸಲವೂ ಹಾಗೇ. ಜನರ ಬಾಯಲ್ಲಿ ಗುಜುಗುಜು ಶುರುವಾಯಿತು. ಸತ್ಯವಂತಿ ಎಂದು ಯಾರೋ ಅಂದರು. ಆದರೆ ನಾನು ನೋಡುತ್ತಿದ್ದದ್ದು ಅವಳ ಮುಖವನ್ನು. ಅದು ಸುಣ್ಣವಾಗಿತ್ತು. ಕುತ್ತಿಗೆಯಿಂದ ಬೆವರು ಇಳಿದು ಕುಪ್ಪಸ ತೊಯ್ದಿತ್ತು. ಬೆರಳು ನಡುಗುತ್ತಿದ್ದವು. ಬೇನೆ ಬಂದಿತ್ತು. ಬೇನೆ ಬಂದೂ ಎದೆ ಮಾತ್ರ ಓಡುತ್ತಿರಲಿಲ್ಲ. ಒಲೆಯ ಮುಂದೆ ಇಷ್ಟು ದಿನ ಅವಳ ಜೊತೆ ಕೂತ ನಾನು ಅಂಥದ್ದನ್ನು ಒಮ್ಮೆಯೂ ಕೇಳಿರಲಿಲ್ಲ.

"ಈ ಹೆಣ್ಣುಮಗಳು ನಿರ್ದೋಷಿ" ಎಂದ ಮುದಕಪ್ಪ. ಕಸ್ತೂರಿ ಓಡಿ ಬಂದು, ಕೂಸನ್ನು ಪಕ್ಕದಲ್ಲಿಟ್ಟು, ದಾನಮ್ಮನ ಕಾಲು ಹಿಡಿದುಕೊಂಡು ಅತ್ತಳು. ದಾನಮ್ಮ ಅವಳ ತಲೆ ಮುಟ್ಟಿ ಏನೋ ಹೇಳಲು ಹೋದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅತ್ತಿ, ನೀವು ಇಬ್ಬಿಬ್ಬರು ಕಾಣಾಕತ್ತೀರಿ."

ಅಷ್ಟು ಹೇಳಿ ಕಲ್ಲಿನಿಂದ ಜಾರಿದಳು. ಬಾಯಿ ಒಂದು ಕಡೆ ಎಳೆದುಕೊಂಡಿತ್ತು.

ಶಿವಪುತ್ರ ಜನರನ್ನು ನೂಕಿ ಬಂದು ಅವಳನ್ನು ಎತ್ತಿಕೊಂಡ. ಯಾರದೋ ಜೀಪು ಸಿಕ್ಕಿತು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಜೀಪು ಓಡಿಸುತ್ತಲೇ ಅವನು ಹೇಳಿದ.

"ಅವ್ವಾ, ಗುಳಿಗಿ ಕೊಟ್ಟೆ. ಅಕೀನ ಕೇಳಿದ್ಳು. ಹನುಮಣ್ಣನ ಕಡೆಯಿಂದ ತಗೊಂಡ ಬಾ ಅಂದ್ಳು. ನಿನಗ ಹೇಳಬ್ಯಾಡ ಅಂದ್ಳು."

"ಡಾಕ್ಟರಮ್ಮ ಬ್ಯಾಡ ಅಂದಿದ್ಳೋ ಶಿವಪುತ್ರ! ಜೀವಕ್ಕ ಅಪಾಯ ಅಂದಿದ್ಳು!"

"ಅಕಿ ಅದನ್ನ ಹೇಳಲಿಲ್ಲವ್ವ. ಒಂದ ಗುಳಿಗಿ, ಊರೆಲ್ಲ ನುಂಗತೈತಿ, ಏನಾಗತೈತಿ ಅಂದ್ಳು."

ಅವನ ಮಾತು ಒಂದು ಕಡೆ ನನ್ನ ಕಿವಿಗೆ ಬೀಳುತ್ತಿತ್ತು. ಇನ್ನೊಂದು ಕಡೆ ಅವಳ ಎದೆ. ಅದು ಇನ್ನೂ ಬಡಿಯುತ್ತಿತ್ತು, ದೂರ ದೂರ. ಒಂದು ಬಡಿತವಾದ ಮೇಲೆ ಇನ್ನೊಂದಕ್ಕೆ ನಾನು ಉಸಿರು ಹಿಡಿದು ಕಾಯುತ್ತಿದ್ದೆ. ಸಂತೆ ಬಯಲು ದಾಟಿತು. ಬಡಿತ ಕೇಳಿತು. ಇಟ್ಟಂಗಿ ಭಟ್ಟಿ ದಾಟಿತು. ಕೇಳಿತು. ಜೀಪು ಸೇತುವೆಗೆ ಏರಿತು, ಮತ್ತೆ ಏನೂ ಕೇಳಲಿಲ್ಲ.

ಎದೆ ನಿಂತಿತೋ, ಹೊಳೆ ಬಂತೋ, ನನಗೆ ತಿಳಿಯಲಿಲ್ಲ. ಮಗನ ಎದೆಯೂ ಕೇಳುತ್ತಿರಲಿಲ್ಲ, ಅವನು ಜೀಪು ಓಡಿಸುತ್ತಿದ್ದ. ಅವಳ ಕುಪ್ಪಸದ ಮೇಲೆ ಕಿವಿಯಿಟ್ಟೆ. ಜೀಪಿನ ಸದ್ದು ಬಿಟ್ಟರೆ ಏನಿಲ್ಲ. "ಅವ್ವಾ, ಹೆಂಗದಾಳ?" ಎಂದು ಅವನು ಮತ್ತೆ ಮತ್ತೆ ಕೇಳುತ್ತಿದ್ದ. "ಅದಾಳ, ಓಡಸು" ಎನ್ನುತ್ತಲೇ ಇದ್ದೆ. ಆಸ್ಪತ್ರೆಯ ಬಾಗಿಲು ಮುಟ್ಟುವವರೆಗೂ ಹಾಗೇ ಅನ್ನುತ್ತಿದ್ದೆ.

ಡಾಕ್ಟರು ನೋಡಿ, ಕಣ್ಣಿಗೆ ಬೆಳಕು ಹಿಡಿದು, ಕೊರಳಿಗೆ ಹಾಕಿಕೊಂಡ ನಳಿಗೆ ಕಿವಿಗಿಟ್ಟುಕೊಂಡು ಬಹಳ ಹೊತ್ತು ಕೇಳಿದರು. ಆಮೇಲೆ ನಳಿಗೆ ತೆಗೆದು ಕೈಯಲ್ಲೇ ಹಿಡಿದುಕೊಂಡರು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು. ಶಿವಪುತ್ರ ಗುಳಿಗೆಯ ಹೆಸರಿದ್ದ ಖಾಲಿ ಹಾಳೆ ತೋರಿಸಿದ. ಅವರು ಅದನ್ನು ನೋಡಿ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಆ ರಸಕ್ಕೆ ನಾಳಗಳಲ್ಲಿ ಎರಡು ದಾರಿಯಿವೆ, ಒಂದು ಬಿಗಿಯುವುದು, ಒಂದು ಸಡಿಲಿಸುವುದು, ಈ ಗುಳಿಗೆ ಎದೆಯ ಓಟದ ಜೊತೆ ಸಡಿಲಿಸುವ ದಾರಿಯನ್ನೂ ಮುಚ್ಚಿತು, ಉಳಿದದ್ದು ಬಿಗಿತ ಒಂದೇ ಎಂದು ನಿಧಾನವಾಗಿ ಹೇಳಿದರು. ಅವರ ಮೇಜಿನ ಮೇಲೆ ದಾನಮ್ಮನ ಮೂತ್ರದ ಫಲಿತಾಂಶ ಬಂದು ಬಿದ್ದಿತ್ತು. ಅವರು ಅನುಮಾನಿಸಿದ್ದೇ ಸರಿಯಾಗಿತ್ತು.

ಮಣ್ಣಿಗೆ ಊರಿಗೆ ಊರೇ ಬಂತು. ಕಲ್ಲಿನ ಮೇಲೆ ಗೆದ್ದು ಸತ್ತವಳು ಎಂದು ಹೂವು ಹಾಕಿದರು. ಮುದಕಪ್ಪ ಬಂದು ಹೆಗಲು ಕೊಟ್ಟ. ಮಾಸ್ತರರು ದೂರ ನಿಂತು ಅತ್ತರು, ಕಸ್ತೂರಿಯೇ ಹೋಗಿ ಕೈ ಹಿಡಿದು ಅವರನ್ನು ಹತ್ತಿರ ಕರೆತಂದಳು. ಗುಳಿಗೆಯ ಮಾತು ಯಾರೂ ಎತ್ತಲಿಲ್ಲ. ಹನುಮಣ್ಣನೂ ಬಂದಿದ್ದ. ಅವನ ಎದೆ ನೆಟ್ಟಗೇ ನಡೆಯುತ್ತಿತ್ತು.

ಶಿವಪುತ್ರ ಲಾರಿ ಹತ್ತಲಿಲ್ಲ. ಖಾನಾವಳಿಯ ಬಾಗಿಲು ನಾನೂ ತೆಗೆಯಲಿಲ್ಲ. ಅವನು ಉಣ್ಣಲು ಕೂರುತ್ತಿದ್ದ, ತಟ್ಟೆ ನೋಡಿ ಏಳುತ್ತಿದ್ದ. ಒಂದು ದಿನ ಮಧ್ಯಾಹ್ನ ಮನೆಯಲ್ಲಿ ಕಾಣಲಿಲ್ಲ. ಓಣಿಯವರು ಗುಡ್ಡದ ಕಡೆ ಕೈ ತೋರಿಸಿದರು.

ನಾನು ಹತ್ತಿ ಹೋದಾಗ ಅವನು ತಾನಾಗಿಯೇ ಕಲ್ಲಿನ ಮೇಲೆ ಕೂತಿದ್ದ. ಹಿರಿಯರು ಸುತ್ತ ನಿಂತಿದ್ದರು. ಕೇಳ್ರಿ, ನನ್ನನ್ನ ಕೇಳ್ರಿ ಎಂದು ಅವರನ್ನು ಕಾಡುತ್ತಿದ್ದ. ಮುದಕಪ್ಪ ಒಲ್ಲದ ಮನಸ್ಸಿನಿಂದ ಕೇಳಿದ.

"ನಿನ್ನ ಹೆಂಡತಿನ್ನ ನೀ ಕೊಂದಿಯೇನು?"

"ಇಲ್ಲ" ಎಂದ. ಎದೆ ಓಡಿತು.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಮುದಕಪ್ಪ ಮತ್ತೆ ಕೇಳಿದ. ಈ ಸಲ ಶಿವಪುತ್ರ "ಹೌದು, ಕೊಂದೆ" ಎಂದ. ಆಗಲೂ ಓಡಿತು, ಅಷ್ಟೇ ಜೋರಾಗಿ. ಮೂರನೆಯ ಸಲ ಮುದಕಪ್ಪ ಕೇಳಲಿಲ್ಲ. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, "ಫಕೀರವ್ವ, ನಿನ್ನ ಮಗನ್ನ ಮನಿಗೆ ಕರಕೊಂಡ ಹೋಗು" ಎಂದ. ಹಿರಿಯರು ಎದ್ದು ಹೋದರು. ಬಿಸಿಲಿನಲ್ಲಿ ಕಲ್ಲಿನ ಮೇಲೆ ನನ್ನ ಮಗ ಒಬ್ಬನೇ ಉಳಿದ. ನಾನು ರಟ್ಟೆ ಹಿಡಿದು ಎಬ್ಬಿಸಿದೆ. ಚಿಕ್ಕಂದಿನಲ್ಲಿ ಏಳುತ್ತಿದ್ದ ಹಾಗೆ ಎದ್ದ.

ಗುಡ್ಡದ ದಾರಿಯಲ್ಲಿ ಅವನು ನಿಂತ.

"ಅವ್ವಾ, ನೀ ಹೇಳು. ನಾ ಕೊಂದೆನೇನು?"

"ಇಲ್ಲಪಾ" ಎಂದೆ.

ಅವನು ಮುಖ ಓರೆ ಮಾಡಿ ನನ್ನ ಎದೆಯ ಕಡೆ ಕಿವಿಗೊಟ್ಟು ನಿಂತ. ನಾನೂ ಕೇಳಿಸಿಕೊಂಡೆ. ಎಷ್ಟು ತಡೆದರೂ ಅದು ಓಡಿತು.

"ವಯಸ್ಸಾತಲ್ಲೋ, ಏರು ಹತ್ತಿದ್ದಕ್ಕ ಹಂಗ ಬಡಕೋತೈತಿ" ಎಂದೆ.

"ಹೌದವ್ವ" ಎಂದು ಅವನು ನನ್ನ ಕೈ ಹಿಡಿದುಕೊಂಡ. ನಾವು ಆಗ ಇಳಿಜಾರಿನಲ್ಲಿದ್ದೆವು, ಅರ್ಧ ಗುಡ್ಡ ಇಳಿದಾಗಿತ್ತು.